ಬಾಲ ಕತ್ತರಿಸಿದ ಅಂಕಣ

ನನ್ನ ಅಕ್ಕ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದದ್ದು ಒಬ್ಬರ ಬರಹವನ್ನು ಮಾತ್ರ. ಆ ಒಬ್ಬರು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಕಾರಣ.

ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕ. ವಾರಕ್ಕೊಮ್ಮೆ ಬರುವ ಆರೋಗ್ಯದ ಪುಟ ನನ್ನದು. ನನ್ನದು ಎಂದರೆ ಬೇರೆಯವರು ಬರೆದದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಅಳತೆಗೆ ಕೂಡಿಸುವುದು. ಸ್ವಂತದ್ದೆಂದರೆ ನಾಲ್ಕು ಸಾಲಿನ ಚುಟುಕುಗಳು. ಪುಟದಲ್ಲಿ ಎಲ್ಲಾದರೂ ಬೆರಳಗಲ ಜಾಗ ಉಳಿದರೆ ಅಲ್ಲೊಂದನ್ನು ತೂರಿಸುತ್ತಿದ್ದೆ. ಪತ್ರಿಕೆಯಲ್ಲಿ ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಒಬ್ಬ ಓದುಗನೂ ಒಂದು ಕಾರ್ಡು ಹಾಕಿಲ್ಲ.

ಧಾರವಾಡದ ಮನೋವೈದ್ಯೆಯೊಬ್ಬರು ನಮ್ಮ ಪುಟಕ್ಕೆ ಅಂಕಣ ಶುರು ಮಾಡಿದರು. ಓದುಗರ ಪ್ರಶ್ನೆ, ಅವರ ಉತ್ತರ. ಮೂರನೇ ವಾರಕ್ಕೇ ಪತ್ರಗಳು ಬರತೊಡಗಿದವು. ಈ ವಾಟ್ಸಾಪ್ ಕಾಲದಲ್ಲೂ ಉಪ್ಪಿನಬೆಟಗೇರಿಯ ಹೆಣ್ಣುಮಗಳೊಬ್ಬಳು ಗೆರೆ ಹಾಳೆಯಲ್ಲಿ ಆರು ಪುಟ ಬರೆದು ಕಳಿಸಿದ್ದಳು. ಆ ಲಕೋಟೆಗಳನ್ನು ಒಡೆಯುವ ಕೆಲಸವೂ ನನ್ನದೇ. ಒಂದೊಂದರ ಮೇಲೂ ಅವರ ಹೆಸರು ಓದುವಾಗ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಕುಟ್ಟಿದಂತಾಗುತ್ತಿತ್ತು.

ಅವರು ಕೆಟ್ಟದಾಗಿ ಬರೆದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ‘ಏಳು ದಿನದಲ್ಲಿ ಚಿಂತೆ ಮಾಯ’, ‘ಖಿನ್ನತೆಗೆ ಬಾಳೆಹಣ್ಣು’ ಎಂಬಂಥವನ್ನು ಇಂಟರ್‌ನೆಟ್ಟಿನಿಂದ ಎತ್ತಿ ನಾನೇ ಅದೇ ಪುಟಕ್ಕೆ ಹಾಕುತ್ತಿದ್ದೆ. ಇದು ಖರೆಯೇ ಎಂದು ಯಾರೂ ಕೇಳಿದ್ದಿಲ್ಲ, ನಾನೂ ಕೇಳಿಕೊಂಡಿದ್ದಿಲ್ಲ. ಆಕೆ ಮಾತ್ರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತಿದ್ದರು. ಜನ ಅದನ್ನೂ ಮೆಚ್ಚಿಕೊಂಡರು.

ಇನ್ನು ಅಕ್ಕನ ವಿಷಯ. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಧಾರವಾಡದ ಮಾಳಮಡ್ಡಿಯಲ್ಲಿರುವ ನನ್ನ ಬಾಡಿಗೆ ಮನೆಗೆ ಬಂದಳು. ನಾನು ಮದುವೆಯಾದವನಲ್ಲ, ಮನೆಯಲ್ಲಿ ನಾವಿಬ್ಬರೇ. ಬಂದ ಹೊಸದರಲ್ಲಿ ಅವಳು ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಸ್ಪತ್ರೆಗೆ ತೋರಿಸಿ, ಗುಳಿಗೆ ಶುರುವಾಗಿ, ನಿಧಾನಕ್ಕೆ ಎದ್ದು ಕೂತಳು, ರೊಟ್ಟಿ ಬಡಿದಳು, ನಕ್ಕಳು. ಎಂಟು ವರ್ಷದಿಂದ ಗುಳಿಗೆ ತಪ್ಪಿಸಿರಲಿಲ್ಲ. ತಿಂಗಳಿಗೊಮ್ಮೆ ತಂದುಕೊಡುವವನು ನಾನು.

ನಾನು ಕಾಲೇಜಿನಲ್ಲಿದ್ದಾಗ ನನ್ನ ಚುಟುಕುಗಳನ್ನು ಮೊದಲು ಕೇಳುತ್ತಿದ್ದವಳು ಅವಳೇ. ಈಗಲೂ ಓದಿ ಹೇಳಿದರೆ ಜೋಳ ಹಸನು ಮಾಡುತ್ತ, ತಲೆ ಎತ್ತದೆ, ಛಲೋ ಆಗೇತಿ ಎನ್ನುತ್ತಿದ್ದಳು. ಆ ವೈದ್ಯೆಯ ಅಂಕಣವನ್ನು ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕತ್ತರಿಸಿ, ಹಳೆಯ ನೋಟುಬುಕ್ಕಿಗೆ ಅಂಟಿಸುವಳು. ನನ್ನ ಅಕ್ಕನನ್ನೇ ಕಸಿದುಕೊಂಡರು ಎನ್ನಿಸಿತು. ಐವತ್ತು ದಾಟಿದ ಗಂಡಸಿಗೆ ಇಂಥ ಹೊಟ್ಟೆಕಿಚ್ಚು ಶೋಭೆಯಲ್ಲ. ಆದರೆ ಇತ್ತು.

ಡೆಸ್ಕಿನಲ್ಲಿ ಒಂದು ರೂಢಿ ಇದೆ. ಬರಹ ಉದ್ದವಾದರೆ ಬಾಲ ಕತ್ತರಿಸುತ್ತೇವೆ, ಅಂದರೆ ಕೊನೆಯ ಸಾಲುಗಳನ್ನು ತೆಗೆಯುತ್ತೇವೆ. ವರದಿಗಾರರಿಗೆ ಇದು ಗೊತ್ತು, ಮುಖ್ಯವಾದದ್ದನ್ನು ಮೇಲೆಯೇ ಬರೆದಿರುತ್ತಾರೆ. ವೈದ್ಯೆ ಹಾಗಲ್ಲ. ಮೊದಲು ಸಮಾಧಾನ ಹೇಳಿ, ಆಮೇಲೆ ವಿವರಿಸಿ, ಎಚ್ಚರಿಕೆಯ ಮಾತನ್ನು ಕಡೆಗೆ ಇಡುತ್ತಿದ್ದರು. ಎದುರಿಗೆ ಕೂತವರ ಜೊತೆ ಮಾತಾಡುವ ಕ್ರಮ ಅದು. ನಾನು ವಾರವಾರವೂ ಬಾಲ ಕತ್ತರಿಸಿದೆ. ಬೇಕಿದ್ದಾಗ ಕತ್ತರಿಸಿದೆ, ಬೇಡದಿದ್ದಾಗಲೂ ಕತ್ತರಿಸಿದೆ. ಅವರ ಬರಹ ಸ್ವಲ್ಪ ಮೊಂಡಾಗಿ ಕಾಣಲಿ ಎಂಬುದಷ್ಟೇ ನನ್ನ ಆಸೆ.

ಒಮ್ಮೆ ಅವರು ಫೋನು ಮಾಡಿ, ಕೊನೆಯ ಮಾತು ಹೇಳುವುದಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆಯುತ್ತೇನೆ, ಅದೊಂದನ್ನು ಬಿಡಬೇಡಿ ಎಂದು ತುಂಬ ಮರ್ಯಾದೆಯಿಂದ ಕೇಳಿಕೊಂಡರು. ಜಾಗದ ಸಮಸ್ಯೆ ಮೇಡಂ, ಎಂದೆ. ಆ ಮರ್ಯಾದೆಗೂ ನನಗೆ ಸಿಟ್ಟು ಬಂತು.

ಮುಂದಿನ ವಾರದ ಪ್ರಶ್ನೆ ಗುಳಿಗೆಯದು. ದಿನವಿಡೀ ತಲೆ ಭಾರ ಎನ್ನಿಸುತ್ತದೆ, ಬಿಟ್ಟುಬಿಡಬಹುದೇ ಎಂದು ಒಬ್ಬರು ಕೇಳಿದ್ದರು. ಹಾಗೆ ಭಾರವಾಗುವುದುಂಟು, ಅದು ನಿಮ್ಮ ಸೋಮಾರಿತನವಲ್ಲ, ಬಹುಕಾಲ ಆರಾಮವಾಗಿದ್ದರೆ ಎಷ್ಟೋ ಜನರಿಗೆ ಗುಳಿಗೆ ಕಡಿಮೆ ಮಾಡುತ್ತ ಬಂದು ನಿಲ್ಲಿಸಲೂ ಆಗುತ್ತದೆ ಎಂದು ವೈದ್ಯೆ ಬರೆದಿದ್ದರು. ಕಡೆಗೆ ಎರಡು ವಾಕ್ಯ: ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮನ್ನು ನೋಡುವ ವೈದ್ಯರನ್ನು ಕೇಳಿಯೇ ಮಾಡಿ. ನಾನು ಆ ಎರಡು ವಾಕ್ಯ ತೆಗೆದೆ, ತೆಗೆದ ಜಾಗಕ್ಕೆ ನನ್ನದೊಂದು ಚುಟುಕು ಹಾಕಿದೆ. ಮೇಲೆ ‘ಗುಳಿಗೆಯಿಂದ ಬಿಡುಗಡೆ’ ಎಂಬ ತಲೆಬರಹವನ್ನೂ ಕೊಟ್ಟೆ. ಅಂದು ಧಾರವಾಡದ ಬಸ್ಸಿನಲ್ಲಿ ಅಮರಗೋಳ ದಾಟುವವರೆಗೂ ಆ ಚುಟುಕನ್ನೇ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ.

ಎರಡು ತಿಂಗಳಾದ ಮೇಲೆ ಅಕ್ಕನ ರೊಟ್ಟಿ ಸೀಯತೊಡಗಿತು. ಕರೆದರೆ ಓಗೊಡಳು. ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ನೋಡಿದರೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳು ಗುಳಿಗೆ ತರಲು ಹೇಳದೆ ಎಷ್ಟು ದಿನವಾಯಿತೆಂದು ಆಗ ಲೆಕ್ಕ ಹಾಕಿದೆ. ನಾನೂ ಕೇಳಿರಲಿಲ್ಲ. ಮನೆಗೆ ಬಂದರೆ ಮುಖ ಊದಿಸಿಕೊಂಡು ಕೂಡ್ರುತ್ತಿದ್ದೆ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳನ್ನು ಮೊದಲಿಂದ ನೋಡುತ್ತಿದ್ದ ಹಿರಿಯ ವೈದ್ಯರೇ ಇದ್ದರು. ಗುಳಿಗೆ ಬಿಡಲು ಹೇಳಿದವರು ಯಾರು ಎಂದು ಕೇಳಿದರು. ಪೇಪರಿನಲ್ಲಿ ಬಂದಿತ್ತು ಎಂದಳು ಅಕ್ಕ. ಹೀಗೆ ಅರ್ಧಂಬರ್ಧ ಬರೆಯುವವರು ವೈದ್ಯರೇ ಅಲ್ಲ ಎಂದು ಅವರು ಬೇಸರಪಟ್ಟುಕೊಂಡರು. ಬರೆಯಲು ನಾಚಿಕೆಯಾಗುತ್ತದೆ, ಆ ಮಾತು ಕೇಳಿ ಒಂದು ಗಳಿಗೆ ನನಗೆ ಒಳಗೊಳಗೇ ಹಿತವಾಯಿತು. ಅಂತೂ ಒಬ್ಬರಾದರೂ ಆ ವೈದ್ಯೆಯನ್ನು ಬೈದರು.

ಅಷ್ಟರಲ್ಲಿ ಅಕ್ಕ ತಲೆ ಎತ್ತಿದಳು. ವಾರದಿಂದ ನಾಲ್ಕು ಮಾತು ಕೂಡಿಸಿ ಆಡದವಳು ವೈದ್ಯರಿಗೆ ಎದುರು ಹೇಳಿದಳು.

“ತಪ್ಪು ಇರಂಗಿಲ್ಲರಿ ಡಾಕ್ಟ್ರ. ಪೇಪರಿನ ಆ ಪುಟ ನಮ್ಮ ತಮ್ಮನಽ ನೋಡಿ ಹಾಕ್ತಾನ. ಅಂವಾ ನೋಡ್ಯಾನ ಅಂತಽ ನಾ ನಂಬಿದ್ದು.”

ವೈದ್ಯರು ನನ್ನ ಕಡೆ ತಿರುಗಿದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಅಂಕಣದವರು ಪೂರಾ ಬರೆದಿದ್ದರು, ಡಾಕ್ಟರನ್ನು ಕೇಳಿಯೇ ಬಿಡಬೇಕು ಎಂಬ ಸಾಲನ್ನು ತೆಗೆದವನು ನಾನು ಎಂದು ಹೇಳಿದೆ.

ಅಕ್ಕ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಣ್ಣವನಿದ್ದಾಗ ಏನಾದರೂ ಒಡೆದು ಬಂದರೆ ನೋಡುತ್ತಿದ್ದಂತೆ ನೋಡಿದಳು.

“ಜಾಗ ಸಾಲಲಿಲ್ಲೇನಪಾ?”

“ಇತ್ತಬೇ ಅಕ್ಕಾ,” ಎಂದೆ. “ಜಾಗ ಇತ್ತು.”