ವರ್ಷಕ್ಕೊಂದು ಸೂಜಿ

1971ರಲ್ಲಿ, ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ದನದ ದವಾಖಾನೆಯಲ್ಲಿ ನೀರು ತುಂಬುವ ಕೆಲಸ ಸಿಕ್ಕಿತು. ಕೋಳಿಗೆ ಲಸಿಕೆ ಚುಚ್ಚುವುದನ್ನು ಅಲ್ಲಿ ನೋಡಿನೋಡಿಯೇ ಕಲಿತೆ. ಮುಂದೆ ಅದೇ ಉದ್ಯೋಗವಾಯಿತು. ಗದಗಿನಿಂದ ಥರ್ಮಾಸಿನಲ್ಲಿ ಬರ್ಫ, ಅದರೊಳಗೆ ಲಸಿಕೆ. ಬೆಟಗೇರಿಗೆ ಸೈಕಲ್ಲು; ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗೆ ಬಸ್ಸು, ಸೈಕಲ್ಲು ಬಸ್ಸಿನ ಮೇಲೆ. ಸೂಜಿ ಒಂದೇ. ಮೊಂಡಾದರೆ ಮಸೆಗಲ್ಲಿಗೆ ಹಚ್ಚುತ್ತಿದ್ದೆ, ದಿನದ ಕೆಲಸ ಮುಗಿದ ಮೇಲೆ ಕುದಿಸುತ್ತಿದ್ದೆ. ಒಂದು ಸೂಜಿಯಲ್ಲಿ ವರ್ಷ ತೆಗೆಯುವವನು ಈ ಸೀಮೆಯಲ್ಲಿ ನಾನೊಬ್ಬನೇ ಎಂದು ಹೇಳಿಕೊಳ್ಳುತ್ತಿದ್ದೆ.

ಎಂಬತ್ತೈದರ ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ತತ್ತಿ ವ್ಯಾಪಾರಿ ಚಾಚಾನ ಕೋಳಿಗಳು ರಾಣಿಖೇತ ರೋಗ ಬಡಿದು ಕುತ್ತಿಗೆ ತಿರುಚಿಕೊಂಡು ಬಿದ್ದವು. ಅದೇ ರೋಗಕ್ಕೆಂದು ಅವಕ್ಕೆ ನಾನು ಎರಡು ಸಲ ಚುಚ್ಚಿದ್ದೆ.

"ಏನ್ ಚುಚ್ಚಿದ್ಯೋ ತಮ್ಮಾ, ಲಸಿಕಿನೋ ಬಾವಿ ನೀರೋ?"

"ಹತ್ತು ವರ್ಷ ಆತ್ರಿ ಚಾಚಾ, ನನ್ನ ಕೈ ತಪ್ಪಿಲ್ಲ."

"ಖರೆ. ಕೋಳಿಗೋಳಿಗೆ ಆ ಖಬರ ಮುಟ್ಟಿಲ್ಲ ನೋಡು."

ಸತ್ತ ಎರಡು ಕೋಳಿ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಗದಗಿನ ದನದ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಕೊಯ್ದು ನೋಡಿದರೆ ಲಿವರ್ ಅಂಗೈಯಷ್ಟು ಊದಿತ್ತು, ಮೈತುಂಬ ಬಿಳಿ ಗಂಟು.

"ಇವಕ್ಕ ಮೊದಲ ಬ್ಯಾರೆ ವೈರಸ್ ಹೊಕ್ಕೈತಿ. ರೆಟ್ರೋವೈರಸ್ ಅಂತಾರ. ಅದರ ಹೊದಿಕಿ ಮ್ಯಾಲಿನ ಪ್ರೋಟೀನು ರಕ್ತದಾಗಿನ ಕಾವಲು ಕಣಗಳನ್ನ ಮಂಕ ಮಾಡತೈತಂತ. ಬೆಕ್ಕಿನಾಗ ಕಂಡಾರ, ಕೋಳ್ಯಾಗೂ ಹಂಗ ಇರಬೇಕು. ಲಸಿಕಿ ಬಂದು ಎಬ್ಬಿಸಿದ್ರೂ ಕಾವಲಿನವು ಏಳೂದಿಲ್ಲ. ಲಸಿಕಿ ಚಲೋನ ಇತ್ತು, ಹತ್ತಲಿಲ್ಲ."

ನನ್ನ ಎದೆ ಹಗುರಾಯಿತು. ಚಾಚಾನ ಕಡೆ ನೋಡಿ, ಅವನಿಗೂ ಕೇಳಲಿ ಎಂದೇ, "ಆ ವೈರಸ್ ಎಲ್ಲಿಂದ ಬಂತ್ರಿ ಸಾಹೇಬ್ರ?" ಎಂದೆ.

"ತಾಯಿಂದ ತತ್ತ್ಯಾಗ ಬರತೈತಿ. ಒಂದರ ರಕ್ತ ಇನ್ನೊಂದಕ್ಕ ಹತ್ತಿದ್ರೂ ಬರತೈತಿ. ನೀ ಸೂಜಿ ಯಾವಾಗ ಬದಲಿ ಮಾಡ್ತಿ?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದ: "ವರ್ಷಕ್ಕೊಮ್ಮೆರಿ. ಎಲ್ಲಾರ ಮುಂದೂ ಹೇಳಕೋಂತ ಅಡ್ಡಾಡತಾನ."

ತಾಯಿಯಿಂದ ಬಂತೋ ನನ್ನ ಸೂಜಿಯಿಂದಲೋ, ಇವತ್ತಿಗೂ ಗೊತ್ತಿಲ್ಲ. ಚುಚ್ಚಿದ ಮೂವತ್ತು ಮನೆಗೂ ಹೋಗಿ, ನನ್ನ ಸೂಜಿಯಿಂದ ರೋಗ ಹಬ್ಬಿರಬಹುದೆಂದು ನಾನೇ ಹೇಳಿ ಬಂದೆ. ಮುಂಡರಗಿಯಲ್ಲಿ ಒಬ್ಬರು ಪೂರ್ತಿ ಕೇಳದೆಯೇ ಬಾಗಿಲು ಹಾಕಿಕೊಂಡರು. ಚಾಚಾ ಹೊಸ ಮರಿ ತಂದಾಗ ನನ್ನನ್ನೇ ಕರೆದ. "ಸೂಜಿ ಎಣಿಸಿ ತೋರಸು, ಆಮ್ಯಾಲೆ ಒಳಗ ಬಾ" ಎಂದ. ಎಣಿಸಿ ತೋರಿಸಿದೆ.

ಈಗ ನನ್ನ ಹತ್ತಿರ ಒಂದು ಸೈಕಲ್ಲು, ಎರಡು ಥರ್ಮಾಸು, ಕುದಿಸುವ ಡಬ್ಬಿಯಲ್ಲಿ ಐವತ್ತು ಸೂಜಿ, ಒಂದು ಮಸೆಗಲ್ಲು ಇವೆ. ಕರೆಯುವ ಮನೆಗಳು ಹನ್ನೊಂದು.