ಡಬ್ಲಿನ್ನಿನ ಮಕ್ಕಳಿಗೆ ನಾನು ಕಲಿಸಿದ ತಾಳ

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಗಾಗಿತ್ತು, ಆದರೆ ಬೆಳಕು ಬಂದಿರಲಿಲ್ಲ. ನವೆಂಬರ್ ತಿಂಗಳು. ಮೈಸೂರು ಬಿಟ್ಟಾಗ ಹಾಕಿಕೊಂಡ ಮಾಸ್ಕಿನ ದಾರ ಕಿವಿಯ ಹಿಂದೆ ಗಾಯ ಮಾಡಿತ್ತು. ಗಾಜಿನ ಹಿಂದೆ ಕುಳಿತ ಅಧಿಕಾರಿ ನನ್ನ ಲಸಿಕೆಯ ಕಾಗದ ನೋಡಿ, ಬಂದದ್ದೇಕೆ ಎಂದು ಕೇಳಿದ. ‘ಡಾನ್ಸ್’ ಎಂದೆ. ಅವನು ನನ್ನ ಬಿಳಿಗಡ್ಡವನ್ನೂ ಕೈಯಲ್ಲಿದ್ದ ಊರುಗೋಲನ್ನೂ ನೋಡಿ ನಕ್ಕ. ಕುಣಿಯುವವನು ನಾನಲ್ಲ, ಮಕ್ಕಳು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ.

ನಾನು ಓದಿದ್ದು ಹೈಸ್ಕೂಲು. ಭರತನಾಟ್ಯ ಮಾಡುವವರ ಪಕ್ಕ ಕುಳಿತು ಕೈತಾಳ ಹಾಕಿ ಜತಿ ಹೇಳುತ್ತ ಬದುಕಿದವನು. ನಮ್ಮ ಮನೆಯಲ್ಲಿ ಕಲಿತ ಶುಭಾ ಈಗ ಡಬ್ಲಿನ್ನಿನ ಪಶ್ಚಿಮಕ್ಕಿರುವ ಆಡಮ್ಸ್‌ಟೌನ್‌ನಲ್ಲಿದ್ದಾಳೆ. ವಾರವೆಲ್ಲ ಕಂಪನಿ ಕೆಲಸ, ಶನಿವಾರ ನಾಟ್ಯದ ಪಾಠ. ಕೊರೊನಾ ಬಂದು ಹಾಲ್‌ಗಳಿಗೆ ಬೀಗ ಬಿದ್ದಾಗ, ‘ಮಕ್ಕಳು ಅವರವರ ಮನೆಯಲ್ಲೇ ಹೆಜ್ಜೆ ಹಾಕಲಿ, ನೀವು ಮೈಸೂರಿನಿಂದ ಕಂಪ್ಯೂಟರಿನಲ್ಲಿ ತಾಳ ಹಾಕಿ’ ಎಂದು ಕೇಳಿದ್ದಳು. ಪಾಠ ಒಮ್ಮೆ ನಿಂತರೆ ಅಲ್ಲಿ ಹುಟ್ಟಿದ ಈ ಮಕ್ಕಳು ಮತ್ತೆ ಗೆಜ್ಜೆ ಕಟ್ಟುವುದಿಲ್ಲ ಎಂಬ ಭಯ ಅವಳಿಗೆ. ಈಗ ಹಾಲ್ ತೆರೆದಿತ್ತು. ಕಾರ್ತಿಕದಲ್ಲಿ ದೇವರ ಮುಂದೆ ಮಕ್ಕಳು ನರ್ತಿಸುವಾಗ ತಾಳಕ್ಕೆ ನಾನೇ ಕೂರಬೇಕೆಂದು ಕರೆಸಿಕೊಂಡಿದ್ದಳು.

ನಿಲ್ದಾಣದ ಬಳಿಯ ಸ್ವೋರ್ಡ್ಸ್ ದಾರಿ ಬಿಟ್ಟು ಶುಭಾಳ ಕಾರು ದೊಡ್ಡ ರಸ್ತೆಗೆ ಸೇರಿದಾಗ ಜಿಟಿಜಿಟಿ ಮಳೆ. ಮನೆಯಲ್ಲಿ ಬಿಸಿ ಅನ್ನ, ಹುಣಸೆಹುಳಿ ಕಡಿಮೆಯಾದ ಸಾರು. ಎರಡು ಸಲ ಹಾಕಿಸಿಕೊಂಡೆ. ಮಾರನೆಯ ದಿನ ಶನಿವಾರ. ಹಾಲ್‌ನ ನೆಲದ ಮೇಲೆ ಷಟಲ್ ಆಟದ ಗೆರೆಗಳಿದ್ದವು. ಮಡಿಸುವ ಮೇಜಿನ ಮೇಲೆ ಕೃಷ್ಣನ ವಿಗ್ರಹ, ಪಕ್ಕದಲ್ಲಿ ಬ್ಯಾಟರಿ ದೀಪ.

“ಎಣ್ಣೆ ದೀಪ ಹಚ್ಚಲ್ವೇನಮ್ಮ?” ಎಂದೆ.

“ಹಚ್ಚಿದ್ರೆ ಅಲಾರಂ ಹೊಡ್ಕೊಳುತ್ತೆ ಮೇಷ್ಟ್ರೇ. ದೇವರಿಗಿಂತ ಮುಂಚೆ ಫೈರ್ ಎಂಜಿನ್ ಬರುತ್ತೆ” ಎಂದಳು ಶುಭಾ.

ಮಕ್ಕಳು ಭೂಮಿ ಮುಟ್ಟಿ ನಮಸ್ಕರಿಸಿ, ಮೊಣಕಾಲು ಬಾಗಿಸಿ ಅರಮಂಡಿಯಲ್ಲಿ ನಿಂತರು. ಹಾಲ್ ತೆರೆದ ಮೇಲೆ ಎಲ್ಲರೂ ಒಟ್ಟಿಗೆ ಸೇರಿದ್ದು ಆ ದಿನವೇ ಮೊದಲು. ನಾನು ಮರದ ಮಣೆಯ ಮೇಲೆ ಕೋಲು ತಟ್ಟಿ ‘ತೈಯಾ ತೈ’ ಎಂದೆ. ಕೋಲು ಬೀಳುವುದಕ್ಕೆ ಮೊದಲೇ ಅಷ್ಟೂ ಪಾದಗಳು ನೆಲಕ್ಕೆ ಬಿದ್ದವು. ನಿಲ್ಲಿಸಿ ಮತ್ತೆ ತಟ್ಟಿದೆ. ಮತ್ತೆ ಮೊದಲೇ ಬಿದ್ದವು.

“ಯಾಕ್ರಮ್ಮ, ಟ್ರೇನ್ ಹಿಡಿಯೋಕೆ ಹೊರಟಿದ್ದೀರಾ?” ಎಂದು ಗದರಿದೆ.

ಮುಂದಿನ ಸಾಲಿನ ತಾರಾ ಎಂಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. “ಬಟ್ ತಾತ, ನೀವೇ ತಾನೆ ಲೇಟ್ ಲೇಟ್ ಅಂತ ಬೈದಿದ್ದು? ಸೋ ವಿ ವೆಂಟ್ ಅರ್ಲಿ. ಆಮೇಲೆ ನೀವು ಗುಡ್ ಅಂದ್ರಿ!”

ನನಗೆ ಅರ್ಥವಾಗಲಿಲ್ಲ. ಶುಭಾ ತಲೆ ತಗ್ಗಿಸಿ ಹೇಳಿದಳು: “ಅದು ನೆಟ್‌ದು ಮೇಷ್ಟ್ರೇ. ನಿಮ್ಮ ತಾಳ ಇಲ್ಲಿಗೆ ಬರೋಕೆ ಒಂಚೂರು ತಡ, ಇವರ ಕಾಲು ನಿಮಗೆ ಕಾಣೋಕೆ ಇನ್ನೊಂಚೂರು ತಡ. ಸರಿಯಾಗಿ ಹೆಜ್ಜೆ ಇಟ್ರೂ ನಿಮಗೆ ಹಿಂದೆ ಬಿದ್ದ ಹಾಗೆ ಕಾಣ್ತಿತ್ತು. ಒಂದ್ಸಲ ಹೇಳಿದ್ದೆ.”

“ನಾನೇನಂದೆ?”

“ಕಾಲಿನ ಸೋಮಾರಿತನಕ್ಕೆ ಕಂಪ್ಯೂಟರ್ ನೆಪ ಹೇಳ್ಬೇಡ ಅಂದ್ರಿ. ಗುರುಗಳಿಗೆ ಎರಡನೇ ಸಲ ಹೆಂಗೆ ಹೇಳ್ಲಿ?”

ಅಂದಿದ್ದೆ. ಎದುರು ಮಾತಾಡದಿರುವುದೇ ಮರ್ಯಾದೆ ಎಂದು ಅವಳಿಗೆ ಕಲಿಸಿದವನೂ ನಾನೇ. ಮಕ್ಕಳು ನನ್ನ ಬೈಗುಳ ತಪ್ಪಿಸಿಕೊಳ್ಳಲು ತಾಳಕ್ಕಿಂತ ಮುಂದೆ ಓಡುವುದನ್ನು ರೂಢಿ ಮಾಡಿಕೊಂಡಿದ್ದರು. ಆಗ ನನಗೆ ಅನಘಾ ನೆನಪಾದಳು. ಎಷ್ಟು ಗದರಿದರೂ ಮುಂದೆ ಓಡದ ಒಬ್ಬಳೇ ಹುಡುಗಿ. ಒಂದು ಶನಿವಾರ ಕಂಪ್ಯೂಟರಿನ ಪಾಠದಲ್ಲಿ ಎಲ್ಲ ತಾಯಂದಿರೂ ಕೇಳುತ್ತಿರುವಾಗ ನಾನು, “ಈ ಮಗುವಿನ ಕಾಲಿಗೆ ಲಯವೇ ಇಲ್ಲ, ಬೇರೆ ಏನಾದರೂ ಕಲಿಸಿ” ಎಂದಿದ್ದೆ. ಅಂದಿನಿಂದ ಅವಳು ಬರಲಿಲ್ಲ. ಆ ಇಡೀ ಗುಂಪಿನಲ್ಲಿ ತಾಳ ಸರಿಯಾಗಿದ್ದದ್ದು ಅವಳೊಬ್ಬಳದೇ.

ಅನಘಾಳ ಮನೆ ಕ್ಲಾಂಡಾಲ್ಕಿನ್‌ನಲ್ಲಿ. ಶುಭಾ ಕಾರಿನಲ್ಲಿ ಬಿಡುತ್ತೇನೆಂದಳು. ಒಬ್ಬನೇ ಹೋಗುತ್ತೇನೆಂದು ಬಸ್ ಹತ್ತಿದೆ. ಅಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ. ಸರಿಯಾದ ನಾಣ್ಯಗಳನ್ನೇ ಪೆಟ್ಟಿಗೆಗೆ ಹಾಕಬೇಕು. ನಾನು ನಾಣ್ಯಗಳನ್ನು ತಿರುಗಿಸಿ ನೋಡುತ್ತ ನಿಂತಾಗ ಡ್ರೈವರ್ “ಯು ಆರ್ ಗ್ರ್ಯಾಂಡ್” ಎಂದು, ಪರವಾಗಿಲ್ಲ ಎಂಬಂತೆ ಕೈಬೀಸಿ ಒಳಗೆ ಕಳಿಸಿದ. ಮಧ್ಯೆ ಇನ್ನೊಂದು ಬಸ್ಸಿಗೆ ಕಾಯುವಾಗ ಗಾಳಿ ಪಂಚೆಯೊಳಗೆ ನುಗ್ಗಿತು. ಪ್ಯಾಂಟು ಹಾಕಿಕೊಳ್ಳಿ ಎಂದು ಶುಭಾ ಹೇಳಿದ್ದನ್ನೂ ನಾನು ಕೇಳಿರಲಿಲ್ಲ.

ಒಂದೇ ತರಹದ ಮನೆಗಳ ಸಾಲಿನಲ್ಲಿ ಬಾಗಿಲಿಗೆ ತೋರಣವಿದ್ದದ್ದು ಅವರದು. ಅನಘಾಳ ತಾಯಿ ರೇಖಾ ಕಾಫಿ ಕೊಟ್ಟು ಎದುರು ಕುಳಿತರು. ವಿಷಯ ಹೇಳಿದೆ. ಅವರು ತಮ್ಮ ಲೋಟ ಕೆಳಗಿಟ್ಟರು.

“ಅವಳು ಅವತ್ತು ಅತ್ಕೊಂಡು ಹೇಳಿದ್ಲು ಸರ್, ‘ಅಮ್ಮಾ, ನಾನು ಕರೆಕ್ಟ್ ಆಗೇ ಮಾಡ್ತಿದೀನಿ’ ಅಂತ. ನಾನು ನಂಬಿದ್ದು ನಿಮ್ಮನ್ನ. ಮೈಸೂರಿನ ಮೇಷ್ಟ್ರು ಸುಳ್ಳು ಹೇಳ್ತಾರಾ ಅಂತ ಅವಳಿಗೇ ಬೈದೆ.”

ಅಷ್ಟರಲ್ಲಿ ಅನಘಾ ಬಂದಳು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಚೆಂಡು ಹೊಡೆಯುವ ಅಗಲವಾದ ಮರದ ಕೋಲು. ಕಂಪ್ಯೂಟರಿನಲ್ಲಿ ಕಂಡದ್ದಕ್ಕಿಂತ ಗೇಣುದ್ದ ಬೆಳೆದಿದ್ದಳು. ನಾನು ಎದ್ದು ನಿಂತು, ತಪ್ಪು ನನ್ನದೆಂದು ಹೇಳಿ ಕೈ ಮುಗಿಯಹೋದೆ. ರೇಖಾ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

“ಬೇಡಿ ಸರ್! ದೊಡ್ಡವರು ಮಗುಗೆ ಕೈ ಮುಗಿದ್ರೆ ಅವಳ ಆಯಸ್ಸು ಕಮ್ಮಿ ಆಗುತ್ತೆ.”

ಕೈಗಳನ್ನು ಇಳಿಸಿದೆ. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಇಟ್ಸ್ ಗ್ರ್ಯಾಂಡ್, ತಾತ” ಎಂದಳು ಅನಘಾ. ನಿಜವಾಗಿಯೂ ಕೋಪವಿರಲಿಲ್ಲ.

“ಹಾಗಾದರೆ ಬಾ ಮಗಳೇ. ಕೃಷ್ಣನ ಮುಂದೆ ಮಾಡು. ಇನ್ನೂ ಸಮಯ ಇದೆ.”

ಅವಳು ತಾಯಿಯ ಮುಖ ನೋಡಿದಳು. ಕನ್ನಡದಲ್ಲೇ ಹೇಳಬೇಕೆಂದು ಯೋಚಿಸಿ ಹೇಳಿದಂತಿತ್ತು: “ತೈಯಾ ತೈ ಅಂದ್ರೆ ನಂಗೆ ನೀವು ಬೈಯೋದೇ ಕೇಳುತ್ತೆ. ತಾಳ ಕೇಳಲ್ಲ. ಸಾರಿ, ತಾತ.”

ಸಾರಿ ಎಂದವಳು ಅವಳು.

ಉಳಿದ ಮಕ್ಕಳಿಗೆ ಆ ವಾರವೆಲ್ಲ ಸಂಜೆ ಒಂದೊಂದೇ ಅಡವಿನ ಹೆಜ್ಜೆಯನ್ನು ಮೊದಲಿನಿಂದ ಹೇಳಿಕೊಟ್ಟೆ. ಕಲಿಸುವುದಕ್ಕಿಂತ ಮರೆಸುವುದು ಕಷ್ಟವಾಯಿತು. ತಾರಾ ಮಾತ್ರ, “ತಾತ, ಈಗ ಸರೀನಾ? ಆಮೇಲೆ ಚೇಂಜ್ ಮಾಡಲ್ಲ ತಾನೆ?” ಎಂದು ದಿನಾ ಕೇಳಿ ನಗಿಸುತ್ತಿದ್ದಳು.

ಕಾರ್ಯಕ್ರಮದ ದಿನ ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಅನಘಾಳನ್ನು ಹೀಯಾಳಿಸಿದ್ದು ಎಲ್ಲರೆದುರು. ಆದ್ದರಿಂದ ಎಲ್ಲರೆದುರೇ ಮೈಕು ಹಿಡಿದು ನಡೆದದ್ದನ್ನು ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬಾರದಿತ್ತು ಕೂಡ. ನಂತರ ದೇವರನಾಮ ಶುರುವಾಯಿತು. ಮಕ್ಕಳ ಹೆಜ್ಜೆ ಮತ್ತು ನನ್ನ ತಾಳ ಒಂದೇ ಸದ್ದಾಗಿ ಬಿದ್ದಾಗ ಶುಭಾಳ ಕಣ್ಣು ತುಂಬಿತು. ಕೊನೆಯ ಸಾಲಿನಲ್ಲಿ ಅನಘಾ ಕೋಟು ಹಾಕಿಕೊಂಡೇ ತಾಯಿಯ ಜೊತೆ ಕುಳಿತಿದ್ದಳು. ನನ್ನ ಕಣ್ಣು ಅವಳ ಪಾದಗಳ ಮೇಲೇ ಇತ್ತು. ಒಂದು ಹೆಬ್ಬೆರಳಾದರೂ ತಾಳಕ್ಕೆ ಅಲುಗೀತೆಂದು ನೋಡಿದೆ. ಅಲುಗಲಿಲ್ಲ. ಮಂಗಳಕ್ಕೆ ಮೊದಲೇ ತಾಯಿ ಮಗಳು ಎದ್ದು ಹೋದರು.

ಹೊರಡುವ ದಿನ ನಿಲ್ದಾಣದ ದಾರಿಯಲ್ಲಿ ಶುಭಾ ಕೇಳಿದಳು, “ಮತ್ತೆ ಹಾಲ್ ಮುಚ್ಚಿದ್ರೆ ಆನ್‌ಲೈನ್ ಮಾಡಿಕೊಡ್ತೀರಾ ಮೇಷ್ಟ್ರೇ?”

“ಇಲ್ಲ. ಇಲ್ಲಿನ ಮಕ್ಕಳ ತಾಳ ಇನ್ನು ನೀನೇ ಹಾಕು. ನಾನು ತಪ್ಪಿದರೆ ಎರಡಲ್ಲ, ಹತ್ತು ಸಲ ಹೇಳು.”

“ಹೇಳ್ತೀನಿ” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಆದ್ರೆ ಆ ಮಗು ವಾಪಸ್ ಬರಲ್ಲ ಅಲ್ವಾ?” ಎಂದಳು.

ವಿಮಾನ ಏರಿ ಬಾಗಿದಾಗ ಕೆಳಗೆ ಹಸಿರು ಬಯಲು, ಸಾಲು ಸಾಲು ಮನೆಗಳು ಕಂಡವು. ಕ್ಲಾಂಡಾಲ್ಕಿನ್ ಯಾವ ಕಡೆ ಎಂದು ಪಕ್ಕದ ಸೀಟಿನವರನ್ನು ಕೇಳಿದೆ. ಅವರು ಕಿಟಕಿಯತ್ತ ಬಗ್ಗಿ, ಬೆರಳು ಚಾಚುವಷ್ಟರಲ್ಲಿ ಮೋಡ ಬಂತು.