ಏಕಾದಶಿಯ ದಿನ ಇಟಲಿ ಊಟ

ಇಟಲಿಯವರು ಮೆಕರೋನಿಗೆ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಜಯನಗರಕ್ಕೆ ಬಂದ ಮೇಲೆ. ಮೆಕರೋನಿ ಅಂದರೆ, ವಿಜಾಪುರದ ನನ್ನ ಜನರೇ, ನಮ್ಮ ಶಾವಿಗೆಯ ದಪ್ಪ ಅಣ್ಣ, ಒಳಗೆಲ್ಲ ಪೊಳ್ಳು. ಅದನ್ನು ಬಡಿಸುವ ‘ನ್ಯೂ ಇಟಲಿ ಭವನ’ ನಮ್ಮ ಕ್ರಾಸಿನ ಮೂಲೆಯಲ್ಲಿದೆ. ಕ್ರಾಸ್ ಎಂದರೆ ಅಡ್ಡರಸ್ತೆ. ಇಲ್ಲಿ ಓಣಿಗಳಿಗೆ ಹೆಸರಿಲ್ಲ, ಕೈದಿಗಳ ಹಾಗೆ ನಂಬರು.

ಮಾಲೀಕರಾದ ಭಟ್ಟರು ಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಕ್ಯಾಂಪಿನಲ್ಲಿದ್ದ ಇಟಲಿ ಸೆರೆಯಾಳುಗಳಿಗೆ ತರಕಾರಿ ಹಾಕುತ್ತಿದ್ದರಂತೆ. ಬದನೆಕಾಯಿ ಕೊಟ್ಟು ವಿದ್ಯೆ ತಂದರೆಂದು ಪ್ರತೀತಿ. ನಾನು ಒಪ್ಪುವುದಿಲ್ಲ. ಬೇಲಿಯಾಚೆ ನಿಂತು ಬುಟ್ಟಿ ಇಳಿಸಿದವನಿಗೆ ಒಳಗಿನ ಒಲೆಯ ಗುಟ್ಟು ಹೇಗೆ ತಿಳಿದೀತು?

ಈ ಮಾತು ನನಗೂ ಅನ್ವಯಿಸುತ್ತದೆ. ಹೈಸ್ಕೂಲ್ ಟೀಚರಾಗಿ ಬಂದ ನಾನು ಶಾರದಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಅವರ ಯಜಮಾನರು ರೈಲ್ವೆ ಗಾರ್ಡು. ಮನೆಯಲ್ಲಿರುವುದಕ್ಕಿಂತ ಗಾಡಿಯಲ್ಲಿರುವುದೇ ಹೆಚ್ಚು. ಶಾರದಮ್ಮ ಒಳ್ಳೆಯವರು. ದಿನವೂ ಹುಳಿಯನ್ನೋ ಸಾರನ್ನೋ ಬಟ್ಟಲಲ್ಲಿ ತಂದು ನಡುಮನೆಯಲ್ಲಿಡುತ್ತಾರೆ. ಅಡುಗೆಮನೆಯ ಹೊಸ್ತಿಲು ಮಾತ್ರ ನಾನು ದಾಟುವಂತಿಲ್ಲ. ಅಲ್ಲಿ ಮಡಿ. ನಾನು ಈಚೆ ಉಣ್ಣುತ್ತೇನೆ, ಅವರು ಆಚೆ. ನಡುವೆ ಒಂದು ಗೋಡೆ, ಗೋಡೆಯಾಚೆಯಿಂದ “ಉಪ್ಪು ಸರಿಯಾಗಿದ್ಯೇನೇ?” ಎಂಬ ಪ್ರಶ್ನೆ. ನಮ್ಮ ಅವ್ವನಾದರೆ ದಾರಿಹೋಕರನ್ನೂ ಒಲೆಯ ಮುಂದೆ ಕೂರಿಸಿ ಬಿಸಿ ರೊಟ್ಟಿಯನ್ನು ತಾಟಿಗೆ ಹಾಕುವವಳು. ಇಲ್ಲಿ ಹೊಟ್ಟೆಗೇನೂ ಕಡಿಮೆಯಿಲ್ಲ. ಒಬ್ಬಳೇ ಉಂಡು ಉಂಡು ಜೀವ ಬೇಸತ್ತಿತ್ತು.

ಅದಕ್ಕೇ ನನ್ನ ಹುಟ್ಟುಹಬ್ಬದ ನೆಪದಲ್ಲಿ ಅವರನ್ನು ಇಟಲಿ ಭವನಕ್ಕೆ ಕರೆದೊಯ್ಯುವ ಹೂಟ. ಹೋಟೆಲಿಗೆ ಮಡಿಯ ಹೊಸ್ತಿಲಿಲ್ಲ, ಭಟ್ಟರು ಬೇಯಿಸಿದ್ದಕ್ಕೆ ಶಾರದಮ್ಮನವರ ಅಡ್ಡಿಯೂ ಇಲ್ಲ. ಒಂದು ಸಲವಾದರೂ ಇಬ್ಬರೂ ಎದುರುಬದುರು ಕೂತು ಉಣ್ಣಬಹುದು.

“ನಕ್ಷತ್ರ ಯಾವ್ದು ಗಂಗಾ ನಿಂದು?” ಶಾರದಮ್ಮ ಕೇಳಿದರು.

“ಗೊತ್ತಿಲ್ರೀ. ತಾರೀಖು ಸಾಲಿ ಮಾಸ್ತರು ಬರದದ್ದು.”

“ಮೇಷ್ಟ್ರು ಬರೆದ್ರೆ ಹುಟ್ಟಿದಂಗಾಯ್ತೇನೇ? ಅಲ್ದೆ ಇವತ್ತು ಏಕಾದಶಿ. ನಾನು ಅನ್ನ ಮುಟ್ಟಲ್ಲ.”

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವಳು ನಾನು. ಬಿಡುತ್ತೇನೆಯೇ?

“ಅನ್ನ ಅಂದ್ರ ಅಕ್ಕೀದು. ಏಕಾದಶಿಗೆ ನೀವು ಭಟ್ರ ಕಡಿಂದ ಗೋಧಿ ರವಾದ ಉಪ್ಪಿಟ್ಟು ತರಿಸಿ ತಿಂತೀರಿ, ಹೌದಲ್ರೀ? ಮೆಕರೋನಿನೂ ಗೋಧೀದು. ಅಂದಮ್ಯಾಲೆ ಅದೂ ಫಲಾಹಾರನ.”

“ನಿನ್ ಬಾಯಿಗೆ ಬೀಗ ಹಾಕ್ಬೇಕು. ನಡಿ.”

ಸಂಜೆ ಭಟ್ಟರೇ ಖುದ್ದಾಗಿ ತಟ್ಟೆ ತಂದಿಟ್ಟರು. ಮೆಕರೋನಿ, ಅದರ ಮೇಲೆ ಟೊಮೇಟೊ ಗೊಜ್ಜು, ಪಕ್ಕದಲ್ಲಿ ಕಾಯಿ ಚಟ್ನಿ. ಶಾರದಮ್ಮ ಒಂದನ್ನೆತ್ತಿ ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿದರು. “ಒಳಗೇನೂ ಇಲ್ವಲ್ಲೇ!” ಆಮೇಲೆ ಮೂಗಿನ ಹತ್ತಿರ ತಂದರು.

“ಭಟ್ರೇ, ಈರುಳ್ಳಿ ಹಾಕಿದೀರಾ?”

ಭಟ್ಟರ ಎದೆ ಉಬ್ಬಿತು. “ಈರುಳ್ಳಿ ಏನಮ್ಮಾ, ಬೆಳ್ಳುಳ್ಳೀನೂ ಜಜ್ಜಿ ಹಾಕಿದೀನಿ. ಅದಿಲ್ದೆ ಇಟಲಿ ಆಗುತ್ತಾ?”

ಏಕಾದಶಿಯ ದಿನ ಈರುಳ್ಳಿ! ತಟ್ಟೆ ಮೇಜಿನ ಆ ತುದಿಗೆ ಸರಿಯಿತು. ಗೋಧಿಯಲ್ಲಿ ಗೆದ್ದ ವಾದ ಬೆಳ್ಳುಳ್ಳಿಯಲ್ಲಿ ಮಕಾಡೆ ಬಿತ್ತು.

“ನೀನು ತಿನ್ನೇ, ನಿನ್ನ ಹಬ್ಬ” ಎಂದರು.

ಕರೆತಂದ ಅತಿಥಿ ಹಸಿದು ಕೂತಿರುವಾಗ ಉಣ್ಣುವುದು ನಮ್ಮ ಕಡೆಯ ರೀತಿಯಲ್ಲ. ಆದರೂ ಸಾಕ್ಷ್ಯವಿಲ್ಲದೆ ತೀರ್ಪು ಕೊಡಬಾರದೆಂದು ಒಂದು ತುತ್ತು ಬಾಯಿಗಿಟ್ಟೆ. ಹೊರಗೆ ಅಂಟು, ಒಳಗೆ ಹಸಿ ಹಿಟ್ಟು. ತ್ಯಾಗ ಸುಲಭವಾಯಿತು.

ಮನೆಗೆ ಮರಳಿದೆವು. ನಾನು ನನ್ನ ಕೋಣೆಯ ಬಾಗಿಲಿಗೆ ಕೈ ಹಾಕಿದ್ದೆ.

“ಎಲ್ಲಿಗೆ ಹೊರಟೆ? ಒಳಗ್ ಬಾ. ಅವಲಕ್ಕಿ ನೆನೆಸ್ತೀನಿ.”

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. “ಮಡಿ?”

“ಏಕಾದಶಿ ದಿನ ನಾನು ಒಲೆ ಹಚ್ತೀನಾ? ಒಲೆ ಹಚ್ಚದಿದ್ಮೇಲೆ ಅದೆಂಥ ಅಡುಗೆಮನೆ? ಬರೀ ರೂಮು. ಬಾರೇ.”

ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ. ಇಬ್ಬರೂ ನೆಲದ ಮೇಲೆ ಎದುರುಬದುರು. ಅವಲಕ್ಕಿ ಆದದ್ದು ಭತ್ತದಿಂದಲೇ ಅಲ್ಲವೇ, ಅಂದಮೇಲೆ ಅದೂ ಅಕ್ಕಿಯೇ ಅಲ್ಲವೇ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಿದ್ದರೆ ವಾದ ನನ್ನದು, ತಟ್ಟೆ ಖಾಲಿ. ಗೆಲ್ಲಬಹುದಾದ ಚರ್ಚೆಯಲ್ಲಿ ನಾನು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಬಾಯಿ ತುಂಬಿತ್ತು ಕೂಡ.

ಮರುದಿನ ದ್ವಾದಶಿ. ಬೆಳಗಾಗುವ ಮೊದಲೇ ಒಲೆ ಹತ್ತಿತು. ನಾನು ಮನೆಮಗಳ ಗತ್ತಿನಲ್ಲಿ ಒಳಕ್ಕೆ ಹೆಜ್ಜೆಯಿಟ್ಟೆ.

“ಏಯ್ ಏಯ್, ಅಲ್ಲೇ ನಿಲ್ಲು! ತಂದ್ಕೊಡ್ತೀನಿ!”

ಬಟ್ಟಲು ಮತ್ತೆ ನಡುಮನೆಗೆ ಬಂತು.

ಹೀಗಿದೆ ನೋಡಿ. ಊರಲ್ಲಿ ವರ್ಷವಿಡೀ ಒಲೆಯ ಮುಂದೆ ಕೂತ ನಿಮ್ಮ ಗಂಗವ್ವ, ಇಲ್ಲಿ ಏಕಾದಶಿಗೊಮ್ಮೆ ಮನೆಯವಳು. ಇದು ಅನ್ಯಾಯವೆಂದು ನಾನು ಗಂಟೆಗಟ್ಟಲೆ ವಾದಿಸಬಲ್ಲೆ. ಒಂದು ದಿನ ಆ ಹೊಸ್ತಿಲಲ್ಲೇ ನಿಂತು ವಾದಿಸುತ್ತೇನೆ ಕೂಡ. ಸದ್ಯಕ್ಕೆ, ದೇವರನ್ನೇ ನಂಬದ ನಾನು ಒಂದು ಪಂಚಾಂಗ ಕೊಂಡಿದ್ದೇನೆ. ಊರಿಗೆ ಬರುವ ರಜೆಯನ್ನು ಎರಡು ಏಕಾದಶಿಗಳ ನಡುವೆ ಹೊಂದಿಸಿದ್ದೇನೆ. ಮಗಳು ಇಷ್ಟು ಬೇಗ ಯಾಕೆ ಹೊರಟಳೆಂದು ಅವ್ವ ಕೇಳಿದರೆ ದಯವಿಟ್ಟು ಶಾಲೆಯ ಕೆಲಸ ಎಂದು ಹೇಳಿ.